ದಾರಕ್ಕೆ ಗುರುತು ಹಾಕಿ, ನೇಲ್ ಪಾಲಿಶ್ ಮಾತ್ರ ಬೇಡ

ಪ್ರಶ್ನೆ: ಅಣ್ಣ ಮಸ್ಕತ್‌ನಿಂದ ಬರುವಾಗ ಫ್ಲೈ ಫಿಶಿಂಗ್ (ಹುಳದಂಥ ಹಗುರ ಗಾಳ ಎಸೆದು ಮೀನು ಹಿಡಿಯುವುದು) ರಾಡು, ರೀಲು ತಂದುಕೊಟ್ಟಿದ್ದಾನೆ. ಜೊತೆಗೆ ಎರಡು ಫ್ಲೈ ಲೈನ್, ಅಂದರೆ ಆ ಗಾಳ ಎಸೆಯುವ ದಪ್ಪ ದಾರ. ಒಂದು 6ನೇ ನಂಬರ್, ಇನ್ನೊಂದು 8. ಎರಡೂ ತಿಳಿಹಸಿರು, ಡಬ್ಬಿಯಿಂದ ತೆಗೆದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಮೀನು ಎಳೆದುಕೊಂಡು ಹೋಗುವಾಗ ಬ್ಯಾಕಿಂಗ್ (ಲೈನ್‌ನ ಹಿಂದೆ ರೀಲಿಗೆ ಸುತ್ತುವ ತೆಳು ದಾರ) ಎಷ್ಟು ಉಳಿದಿದೆ ಅಂತಲೂ ತಿಳಿಯಬೇಕು. ಗೆಳೆಯರು ನೇಲ್ ಪಾಲಿಶ್ ಹಚ್ಚು ಅಂತಾರೆ. ದಾರ ಹಾಳಾಗುವುದಿಲ್ಲವೇ?
– ಓದುಗರು, ಕುಮಟಾ

ಉತ್ತರ: ಆ ಪಾಲಿಶ್ ಬಾಟಲಿ ಯಾರದೋ ಅವರಿಗೇ ವಾಪಸ್ ಕೊಟ್ಟುಬಿಡಿ, ಮಾರಾಯ್ರೆ. ಸಾಮಾನ್ಯ ಫ್ಲೈ ಲೈನ್‌ನಲ್ಲಿ ಒಳಗೆ ನೈಲಾನ್ ಹೆಣಿಗೆ, ಮೇಲೆ ಪಿವಿಸಿ ಪದರ ಇರುತ್ತದೆ. ಪದರ ಬಳುಕುತ್ತದೆ, ಒಣಗಿದ ಪಾಲಿಶ್ ಬಳುಕುವುದಿಲ್ಲ. ರೀಲಿಗೆ ಸುತ್ತಿ ಬಿಚ್ಚುವಾಗ ಅಲ್ಲೇ ಬಿರುಕು ಬಿಡುತ್ತದೆ. ಅದರೊಳಗಿನ ದ್ರಾವಕವೂ ಪದರಕ್ಕೆ ಒಳ್ಳೆಯದಲ್ಲ. ಪೆಟ್ರೋಲ್, ಥಿನ್ನರ್ ಕೂಡ ಹಾಗೆಯೇ. ಇನ್ನೊಂದು ಕಳ್ಳ ಸೊಳ್ಳೆ ಕ್ರೀಮ್. ಸಂಜೆ ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ದಂಡೆಗೆ ಚೊಣಕ ಮೀನು ಹಿಡಿಯಲು ನಿಂತರೆ ಸೊಳ್ಳೆ ಬಿಡುವುದಿಲ್ಲ, ನಿಜ. ಆದರೆ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಕ್ರೀಮ್ ಹಚ್ಚಿದ ಕೈಯಲ್ಲೇ ದಾರ ಎಳೆದರೆ ಪದರ ಅಂಟಂಟಾಗುತ್ತದೆ. ನನ್ನ ಅಂಗಡಿಗೆ ರಿಪೇರಿಗೆ ಬರುವ ರೀಲುಗಳಲ್ಲಿ ಇಂಥ ದಾರ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಲೈನ್‌ಗೆ ಕಪ್ಪು ಪರ್ಮನೆಂಟ್ ಮಾರ್ಕರ್ ಸಾಕು. ಮೊದಲು ಸೋಪಿನ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ನಂಬರಿಗೆ ಅಮೆರಿಕದ ಹೆಸರಾಂತ ಫ್ಲೈ ಫಿಶಿಂಗ್ ಗುರು ಲೆಫ್ಟಿ ಕ್ರೆ ಜನಪ್ರಿಯಗೊಳಿಸಿದ ಲೆಕ್ಕ ಸುಲಭ. ಉದ್ದ ಪಟ್ಟಿ ಅಂದರೆ 5, ಗಿಡ್ಡ ಪಟ್ಟಿ ಅಂದರೆ 1. ನಿಮ್ಮ 6ಕ್ಕೆ ಒಂದು ಉದ್ದ, ಒಂದು ಗಿಡ್ಡ. 8ಕ್ಕೆ ಒಂದು ಉದ್ದ, ಮೂರು ಗಿಡ್ಡ. ರೀಲಿನಲ್ಲಿ ಮೇಲೆ ಕಾಣುವ ತುದಿಯ ಹತ್ತಿರವೇ ಹಾಕಿ. ದಾರವನ್ನು ಬೆರಳಲ್ಲಿ ಹೊರಳಿಸುತ್ತಾ ಸುತ್ತಲೂ ಮಸಿ ಹಿಡಿಸಿ. ಮಸಿ ಪೂರ್ತಿ ಒಣಗುವ ತನಕ ಸುತ್ತಬೇಡಿ, ಪಕ್ಕದ ಸುತ್ತಿಗೆಲ್ಲ ಅಂಟುತ್ತದೆ.

ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಲೈನ್‌ನ ನಂಬರ್ ನಿಂತಿರುವುದು ಮೊದಲ 30 ಅಡಿಯ ತೂಕದ ಮೇಲೆ. ಅಂದರೆ 9 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಲ್ಲೂ ಒಂದು ಗುರುತಿದ್ದರೆ ಎಸೆಯುವಾಗ ಎಷ್ಟು ದಾರ ಹೊರಗಿದೆ ಅಂತ ತಿಳಿಯುತ್ತದೆ. ಕತ್ತಲಾದ ಮೇಲೆ ಮಸಿ ಕಾಣುವುದಿಲ್ಲವಲ್ಲ, ಹಾಗಾಗಿ ಅಲ್ಲಿ ತೆಳು ನೂಲನ್ನು ಒತ್ತೊತ್ತಾಗಿ ಸುತ್ತಿ, ಮೇಲೆ ಒಣಗಿದರೂ ಬಳುಕುವ ರಬ್ಬರ್ ಅಂಟನ್ನು ತೆಳುವಾಗಿ ಸವರಿ. ಬೆರಳಿಗೆ ಸಣ್ಣ ಉಬ್ಬು ಸಿಗುತ್ತದೆ. ಬಿಗಿಯಾಗಿ ಎಳೆದರೆ ಮಾತ್ರ ನೂಲು ಪದರವನ್ನೇ ಕೊಯ್ಯುತ್ತದೆ, ಜೋಕೆ.

ಬ್ಯಾಕಿಂಗ್ ಯಾವ ಜಾತಿಯದು ಅಂತ ನೀವು ಬರೆದಿಲ್ಲ. ಡಾಕ್ರಾನ್ (ಪಾಲಿಯೆಸ್ಟರ್) ಆದರೆ ಚಿಂತೆಯಿಲ್ಲ, ಮಾರ್ಕರ್ ಮಸಿ ಚೆನ್ನಾಗಿ ಹಿಡಿಯುತ್ತದೆ. ಜೆಲ್-ಸ್ಪನ್ ಆದರೆ ಅದು ಪಾಲಿಎಥಿಲೀನ್, ಜಾರುವ ಎಳೆ, ಮಸಿ ಬೇಗ ಅಳಿಸಿಹೋಗುತ್ತದೆ. ಅದಕ್ಕೆ ಬೈತಖೋಲ ಬಂದರಿನ ದೋಣಿಯವರು ಹಗ್ಗದ ಹುರಿಯ ನಡುವೆ ಬಣ್ಣದ ಬಟ್ಟೆ ಚೂರು ಸಿಕ್ಕಿಸುವ ಹಾಗೆ ಮಾಡಿ. ಮೊಂಡು ಸೂಜಿಗೆ ಕೆಂಪು ಪಾಲಿಯೆಸ್ಟರ್ ನೂಲು ಪೋಣಿಸಿ, ಹೆಣಿಗೆಯ ಸಂದಿಯಲ್ಲಿ ನಾಲ್ಕೈದು ಸಲ ಹಾಯಿಸಿ, ತುದಿ ಕತ್ತರಿಸಿ. ಎಳೆಯನ್ನು ಚುಚ್ಚಬಾರದು, ಎಳೆಗಳ ನಡುವೆ ನುಸುಳಿಸಬೇಕು. ಗುರುತಿಗೆ ಅಂತ ಬ್ಯಾಕಿಂಗ್‌ಗೆ ಗಂಟು ಹಾಕಲೇಬೇಡಿ. ಗಂಟು ಬಿದ್ದಲ್ಲಿ ದಾರದ ಬಲ ಕುಗ್ಗುತ್ತದೆ, ರಾಡಿನ ರಿಂಗಿನಲ್ಲೂ ಸಿಕ್ಕಿಕೊಳ್ಳುತ್ತದೆ.

ತೀರಾ ಬೇಕಾದದ್ದು ರೀಲಿನಲ್ಲಿ ಬ್ಯಾಕಿಂಗ್ ಇನ್ನು 20 ಮೀಟರ್ ಮಾತ್ರ ಉಳಿದಿದೆ ಅಂತ ತೋರಿಸುವ ಗುರುತು. ಅದು ಹೊರಗೆ ಬಂತೆಂದರೆ ದಂಡೆಯ ಉದ್ದಕ್ಕೂ ಮೀನಿನ ಹಿಂದೆ ಓಡಿ.

ಪ್ರಶ್ನೆ: ಹಳೆಯ ಗುರುತನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆಯಬಹುದೇ?
– ಓದುಗರು, ಶಿರಸಿ

ಉತ್ತರ: ಸುಮ್ನೆ ಯಾಕೆ? ಮಾರ್ಕರಿನ ಒಂದು ಗೆರೆಯಲ್ಲಿ ಸ್ಪಿರಿಟ್ ಇರುವುದು ಚೂರು, ಅದೂ ತಕ್ಷಣ ಆರುತ್ತದೆ. ಬಟ್ಟೆ ನೆನೆಸಿ ತಿಕ್ಕುವುದು ಬೇರೆ ಮಾತು, ಪದರಕ್ಕೆ ಒಳ್ಳೆಯದಲ್ಲ. ಹಳೆಯದು ಇದ್ದಲ್ಲೇ ಇರಲಿ, ಎರಡು ಗೇಣು ಬಿಟ್ಟು ಹೊಸದು ಹಾಕಿ.