ಭಾಷಣ ಬಿಟ್ಟು ಆ ಚೀಟಿ ನೋಡಿ

ಯುದ್ಧಕಾಲದ ಹಳೇ ನಾಯಕರಿಂದ ಇವತ್ತಿಗೆ ಕಲಿಯೋದು ಏನಿದೆ, ಬರೀ ಭಾಷಣ ತಾನೇ ಅಂತ ಕೇಳಿದ್ದೀರಿ. ಭಾಷಣ ಪಕ್ಕಕ್ಕಿಡಿ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗೋದು ಒಂದು ಚೀಟಿ.

1944ರ ಜೂನ್ 5. ಎರಡನೇ ಮಹಾಯುದ್ಧ. ಮರುದಿನ ಬೆಳಗ್ಗೆ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಸೈನ್ಯ ಇಳಿಯಬೇಕು. ಆ ದಾಳಿಯ ಮುಖ್ಯ ಸೇನಾಪತಿ, ಅಮೆರಿಕದ ಜನರಲ್ ಐಸೆನ್‌ಹೋವರ್ ಒಂದು ಸಣ್ಣ ಕಾಗದದ ಮೇಲೆ ಪೆನ್ಸಿಲಿನಲ್ಲಿ, ಅಕಸ್ಮಾತ್ ಸೋತರೆ ಏನು ಹೇಳಬೇಕು ಅಂತ ಬರೆದಿಟ್ಟುಕೊಂಡರು. ಮೊದಲು 'ಸೈನ್ಯವನ್ನು ವಾಪಸ್ ಕರೆಸಲಾಗಿದೆ' ಅನ್ನೋ ಧಾಟಿಯಲ್ಲಿ ಬರೆದು, ಆಮೇಲೆ ಅದನ್ನು ಹೊಡೆದು ಹಾಕಿ 'ನಾನು ವಾಪಸ್ ಕರೆಸಿದ್ದೇನೆ' ಅಂತ ತಿದ್ದಿದ್ದಾರೆ. ಸೈನಿಕರ ಧೈರ್ಯದಲ್ಲಿ ಕೊರತೆ ಇರಲಿಲ್ಲ, ತಪ್ಪೇನಿದ್ದರೂ ನನ್ನೊಬ್ಬನದೇ ಅಂತ ಮುಗಿಸಿದ್ದಾರೆ. ತಲೆಬಿಸಿ ಎಷ್ಟಿತ್ತು ಅಂದ್ರೆ ತಾರೀಕು ಜುಲೈ 5 ಅಂತ ಹಾಕಿಬಿಟ್ಟಿದ್ದಾರೆ! ಗೆದ್ದರು, ಚೀಟಿ ಬೇಕಾಗಲಿಲ್ಲ. ಆದರೆ ಈ 'ಲಾಗಿದೆ' ಇದೆಯಲ್ಲ, ಇವತ್ತು ಏನೇ ಎಡವಟ್ಟಾದರೂ ಎಲ್ಲರೂ ಅದರ ಹಿಂದೆಯೇ ಬಚ್ಚಿಟ್ಟುಕೊಳ್ಳೋದು ಅಲ್ವಾ?

ಅಮೆರಿಕದ ಅಂತರ್ಯುದ್ಧದ ಕಾಲದ ಅಧ್ಯಕ್ಷ ಲಿಂಕನ್ ಇನ್ನೂ ಒಂದು ಹೆಜ್ಜೆ ಮುಂದೆ. 1863ರ ಜುಲೈನಲ್ಲಿ ವಿಕ್ಸ್‌ಬರ್ಗ್ ಪಟ್ಟಣ ಗೆದ್ದ ಮೇಲೆ, ಅದನ್ನು ಗೆದ್ದುಕೊಟ್ಟ ತಮ್ಮ ಜನರಲ್ ಗ್ರಾಂಟ್‌ಗೆ ಪತ್ರ ಬರೆದು, ನಿಮ್ಮ ನಡೆ ತಪ್ಪು ಅಂದುಕೊಂಡಿದ್ದೆ, ನೀವೇ ಸರಿ, ನಾನೇ ತಪ್ಪು ಅಂತ ಒಪ್ಪಿಕೊಂಡರು. ಅಧ್ಯಕ್ಷರಾಗಿದ್ದವರು ಸುಮ್ನೆ ಅಭಿನಂದನೆ ಹೇಳಿ ಬಿಟ್ಟಿದ್ದರೂ ಯಾರೂ ಕೇಳ್ತಿರಲಿಲ್ಲ.

ಹಾಗಂತ ಯಾರನ್ನೂ ಪೂಜೆಗೆ ಕೂರಿಸಬೇಡಿ. ಬ್ರಿಟನ್ ಪ್ರಧಾನಿ ಚರ್ಚಿಲ್ 1940ರಲ್ಲಿ ಹಿಟ್ಲರ್ ಎದುರು ಗಟ್ಟಿಯಾಗಿ ನಿಂತಿದ್ದು ನಿಜ. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ ಅವರ ಸರ್ಕಾರ ಬೇಕಾದಷ್ಟು ಧಾನ್ಯ ಕಳಿಸಲಿಲ್ಲ ಅನ್ನೋದೂ ನಿಜ. ಎರಡನ್ನೂ ಒಟ್ಟಿಗೇ ಓದಿ.