ಬ್ಯಾರಕ್‌ನಲ್ಲಿ ಸಾವು: ಕೋರ್ಟ್ ಆಫ್ ಎನ್‌ಕ್ವೈರಿ ಮುಗಿಯುವವರೆಗೆ ಕಾಯಬೇಕೇ?

ಪಂಜಾಬಿನ ಬ್ಯಾರಕ್‌ನಲ್ಲಿ ನಿಮ್ಮ ತಮ್ಮ ಗುಂಡೇಟಿನಿಂದ ತೀರಿಕೊಂಡರು, ಯೂನಿಟ್‌ನವರು ಆತ್ಮಹತ್ಯೆ ಎನ್ನುತ್ತಾರೆ, ಕೋರ್ಟ್ ಆಫ್ ಎನ್‌ಕ್ವೈರಿ ಮುಗಿಯುವವರೆಗೆ ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ಸುಮ್ಮನಿರಬೇಡಿ. ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಈಗ ದಾವಣಗೆರೆಯಲ್ಲಿದ್ದೇನೆ. ಇಂಥ ಫೈಲುಗಳು ನನ್ನ ಕೈ ಹಾದು ಹೋಗಿವೆ.

ಕೋರ್ಟ್ ಆಫ್ ಎನ್‌ಕ್ವೈರಿ ಎಂದರೆ ಸೇನೆಯ ಒಳಗಿನ ವಿಚಾರಣೆ. ಅಲ್ಲಿ ಕೊಟ್ಟ ಹೇಳಿಕೆ, 1954ರ ಆರ್ಮಿ ರೂಲ್ಸ್ 182ರ ಪ್ರಕಾರ, ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಪೊಲೀಸರ ಕೆಲಸವೇ ಬೇರೆ. ಕಂಟೋನ್ಮೆಂಟ್ ಒಳಗಾದರೂ ಅಸಹಜ ಸಾವಿಗೆ ಸ್ಥಳೀಯ ಠಾಣೆಯವರು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 194ರಡಿ ಪಂಚನಾಮೆ ಮಾಡಲೇಬೇಕು. 2023ರ ಏಪ್ರಿಲ್ 12ರ ನಸುಕಿನಲ್ಲಿ ಬಠಿಂಡಾ ಮಿಲಿಟರಿ ಸ್ಟೇಷನ್‌ನಲ್ಲಿ ಮಲಗಿದ್ದ ನಾಲ್ವರನ್ನು ಗುಂಡಿಕ್ಕಿ ಕೊಂದರು, ಇಬ್ಬರು ನಮ್ಮ ಕರ್ನಾಟಕದ ಹುಡುಗರು. ಮುಸುಕು ಹಾಕಿದ್ದ ಇಬ್ಬರನ್ನು ಕಂಡೆ ಎಂದಿದ್ದ ಗನ್ನರ್‌ನನ್ನೇ (ಫಿರಂಗಿ ದಳದ ಸಿಪಾಯಿ) ಐದು ದಿನದಲ್ಲಿ ಪಂಜಾಬ್ ಪೊಲೀಸರು ಹಿಡಿದರು.

ನಿಮ್ಮ ತಮ್ಮನದು ಆತ್ಮಹತ್ಯೆಯೇ ಇರಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆದರೂ ರಜೆ ಕೇಳಿದ್ದರೇ, ಯಾರಾದರೂ ಪೀಡಿಸುತ್ತಿದ್ದರೇ ಎಂದು ತಿಳಿಯುವ ಹಕ್ಕು ಮನೆಯವರದು. ಇಂಗ್ಲೆಂಡಿನ ಡೀಪ್‌ಕಟ್ ಬ್ಯಾರಕ್‌ನಲ್ಲಿ 1995ರಲ್ಲಿ ಸತ್ತ 18ರ ಹುಡುಗಿಯ ಸಾವಿನ ಮರುವಿಚಾರಣೆ ಮುಗಿದದ್ದು 2016ರಲ್ಲಿ. ಮತ್ತೆ ಆತ್ಮಹತ್ಯೆ ಎಂದೇ ತೀರ್ಪಾಯಿತು, ಆದರೆ ತರಬೇತಿಗೆ ಬಂದ ಮಕ್ಕಳನ್ನು ನೋಡಿಕೊಳ್ಳಲು ಸಾಕಷ್ಟು ಮೇಲಿನವರೇ ಇರಲಿಲ್ಲ ಎಂಬುದೂ ದಾಖಲಾಯಿತು. ಹೆತ್ತವರು ಅಷ್ಟು ವರ್ಷ ಅಲೆದರು.

ಈ ವಾರವೇ ಠಾಣೆಗೂ ಕಮಾಂಡಿಂಗ್ ಆಫೀಸರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಎಫ್‌ಐಆರ್ ಆಗಿದೆಯೇ, ಬರೀ ಪಂಚನಾಮೆಯೇ? ಪೋಸ್ಟ್‌ಮಾರ್ಟಂ ವರದಿಯ ನಕಲು ಕೇಳಿ. ಪಂಚನಾಮೆ ಸಾಮಾನ್ಯವಾಗಿ ಪಂಜಾಬಿ ಲಿಪಿಯಾದ ಗುರುಮುಖಿಯಲ್ಲಿ, ಕೈಬರಹದಲ್ಲಿರುತ್ತದೆ, ಓದಬಲ್ಲವರನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಕೋರ್ಟ್ ಆಫ್ ಎನ್‌ಕ್ವೈರಿ ಮುಗಿದ ಮೇಲೆ ಅದರ ನಕಲಿಗೆ ಆರ್‌ಟಿಐ ಹಾಕಿ. ಬಿಎಸ್‌ಎಫ್, ಸಿಆರ್‌ಪಿಎಫ್‌ಗಳಿಗೆ ಆರ್‌ಟಿಐಯಿಂದ ಇರುವ ವಿನಾಯಿತಿ ಸೇನೆಗಿಲ್ಲ.

ತಮ್ಮನ ಕಪ್ಪು ಟ್ರಂಕು ಮನೆಗೆ ಬಂದಾಗ ಜೊತೆಗೆ ಸಾಮಾನಿನ ಪಟ್ಟಿ ಇರುತ್ತದೆ. ಅಮ್ಮ ಅಳುತ್ತಿರುವಾಗ ಸಹಿ ಮಾಡಿಸಿಕೊಂಡು ಹೋಗಿಬಿಡುತ್ತಾರೆ. ಬಿಡಬೇಡಿ. ಒಂದೊಂದಾಗಿ ಹೊರಗಿಟ್ಟು ತಾಳೆ ನೋಡಿ: ಮೊಬೈಲ್, ಸಿಮ್, ಡೈರಿ, ಪಾಸ್‌ಬುಕ್. ಮೊಬೈಲ್ ಇಲ್ಲದಿದ್ದರೆ ಎಲ್ಲಿದೆ ಎಂದು ಪಟ್ಟಿಯ ಮೇಲೇ ಬರೆದು ಸಹಿ ಹಾಕಿ. ಇದ್ದರೆ ರಿಸೆಟ್ ಮಾಡಬೇಡಿ, ಯಾರಿಗೂ ಕೊಡಬೇಡಿ.

ಆತ್ಮಹತ್ಯೆ ಎಂದ ಮಾತ್ರಕ್ಕೆ ಪಿಂಚಣಿ ತಪ್ಪಿತು ಅಂದುಕೊಳ್ಳಬೇಡಿ. ಸಾವಿಗೂ ಸೇವೆಗೂ ಸಂಬಂಧವಿಲ್ಲ ಎಂದು ಸೇನೆಯವರು ಬರೆದರೆ ವಿಶೇಷ ಕುಟುಂಬ ಪಿಂಚಣಿಗೆ ಕಷ್ಟ, ಅದನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು. ನಮ್ಮ ರಾಜ್ಯಕ್ಕೆ ಕೊಚ್ಚಿ ಪೀಠ.