ಬಾದಾಮಿಯವರನ್ನ ಒಮ್ಮೆ ಯಾದಗಿರಿಗೆ ಕರೀರಿ

‘ನಿಮ್ಮ ಕಲಬುರಗಿ ಕಡೆ ತೊಗರಿ ಬೆಳೀತದ, ಕಲ್ಲಂದ್ರ ನೆಲಕ್ಕ ಹಾಸೋ ಶಹಾಬಾದ್ ಫರಸಿ ಅಷ್ಟ’ ಅಂತ ಬಂಡೆ ಹತ್ತೋ (ರಾಕ್ ಕ್ಲೈಂಬಿಂಗ್) ಬಾದಾಮಿ ಗೆಳೆಯರು ಕಾಡಸ್ತಾರ, ಏನ್ ಹೇಳ್ಲಿ ಅಂತ ಕೇಳೀರಿ.

ಏನೂ ಹೇಳಬ್ಯಾಡ್ರಿ, ಯಾದಗಿರಿಗೆ ಕರಕೊಂಡು ಬರ್ರಿ. ಬಾದಾಮಿದು ಮರಳುಗಲ್ಲು. ಪದರು ಪದರಾಗಿ ಅಡ್ಡ ಬಿರುಕು ಇರ್ತಾವ, ಬೆರಳು ತೂರಿಸಿ ಹಿಡೀಬಹುದು. ಯಾದಗಿರಿ, ಶಹಾಪುರದ ಬೆಟ್ಟ ಗ್ರಾನೈಟ್. ಬೋಳು ಬಂಡೆ ಮ್ಯಾಲ ಹಿಡೀಲಿಕ್ಕೆ ಏನೂ ಸಿಗಂಗಿಲ್ಲ. ಹಿಮ್ಮಡಿ ಇಳಿಸಿ, ಶೂದ ರಬ್ಬರು ಕಲ್ಲಿಗೆ ಒತ್ತಿ, ಕಾಲು ನಂಬಿ ಏರಬೇಕು. ಅಲ್ಲಿ ಹುಲಿ ಅನಿಸಿಕೊಂಡಿದ್ದ ಬಾದಾಮಿ ಗೆಳೆಯನೊಬ್ಬ ಇಲ್ಲಿ ನನ್ನ ಕಣ್ಣ ಮುಂದ ಹತ್ತಡಿ ಏರಿ, ಬಿರುಕು ಹುಡುಕಿ ಹುಡುಕಿ, ಸರ್ರಂತ ಜಾರಿ ಕೆಳಗ ಬಂದ. ಅವತ್ತಿನ ಚಾ, ಸೂಸಲಾ ಎಲ್ಲಾ ಅವನದ!

ಆದ್ರ ಖರೇ ಹೇಳಬೇಕಂದ್ರ, ಹಗ್ಗ ಸಿಗಿಸಲಿಕ್ಕೆ ಕಲ್ಲಿಗೆ ಬೋಲ್ಟ್ ಹೊಡೆದ ಏರೋ ದಾರಿ ಬಾದಾಮಿಯಾಗ ಇದ್ದಷ್ಟು ನಮ್ಮಲ್ಲಿಲ್ಲ. ಅದನ್ನ ಒಪ್ಪಿಕೋರಿ. ಬೀದರದ ಕೆಂಪು ಜಂಬಿಟ್ಟಿಗೆ ಕಲ್ಲಿನ ತೂತು ನೋಡಿ ಆಸೆ ಬೀಳಬ್ಯಾಡ್ರಿ, ಉದುರತದ.

ನವೆಂಬರದಿಂದ ಫೆಬ್ರವರಿ ಒಳಗ, ಮುಂಜಾನೆ ಬರ್ರಿ. ಬ್ಯಾಸಿಗಿಯಾಗ 40 ಡಿಗ್ರಿ ದಾಟಿದ ಮ್ಯಾಲ ಕಲ್ಲು ಕಾದ ಹಂಚು. ಮತ್ತ ಕೋಟೆ ಗೋಡೆ ಮಾತ್ರ ಯಾರೂ ಹತ್ತಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ.